ಕೇಳುವ ಮೊದಲೇ ಹಿಡಿದ ಎಲೆ

"ಆನ್ಸಿಯಾ, ಇದನ್ನ ಹಿಡಿ... ದಯವಿಟ್ಟು!"

ಎಲಿನಾಮಿಯ ಚಾಚಿದ ಕೈಯಲ್ಲಿ ಗಂಟು ಹಾಕಿದ ಇಸಾಲೆ ಎಲೆ!

ಆನ್ಸಿಯಾ ಒಂದು ಹೆಜ್ಜೆ ಹಿಂದೆ ಸರಿದಳು. ಕಿಲಿಮಂಜಾರೋ ತಪ್ಪಲಿನಲ್ಲಿ ಇಸಾಲೆ ಚಾಚಿದರೆ 'ತಪ್ಪು ಮಾಡಿದ್ದೇನೆ, ಕ್ಷಮಿಸು' ಎಂದೇ ಅರ್ಥ. ಬೇಡವೆನ್ನುವಂತಿಲ್ಲ. ಹಿಡಿದ ಮೇಲೆ ಆ ತಪ್ಪನ್ನು ಕೆದಕುವಂತೆಯೂ ಇಲ್ಲ.

'ಹಾಗಾದರೆ ಸೋದರತ್ತೆ ಹೇಳಿದ್ದು ನಿಜವೇ?'

ಬೆಳಿಗ್ಗೆಯಷ್ಟೇ ಬಾಳೆಕಾಯಿ ಸಾರು ಕಲಕುತ್ತಾ ಅತ್ತೆ ಚುಚ್ಚಿದ್ದಳು. "ಹೋಗಮ್ಮ, ಅವನ ತೋಟಕ್ಕೇ ಹೋಗು! ಮೋಶಿ ಪೇಟೆಯಿಂದ ಯಾವಳೋ ಕಾರಲ್ಲಿ ಬಂದಿದ್ಳಂತೆ. ಇದ್ದ ಗಿಡ ಕಿತ್ತು ಬೇರೆ ಕಡೆ ನೆಡೋದೇ ಅವನ ಚಟ ಅಲ್ವಾ? ಇವತ್ತು ನಿನ್ನ ಪಕ್ಕ, ನಾಳೆ ಇನ್ಯಾರ ಪಕ್ಕಾನೋ!"

ಎಲಿನಾಮಿ ತೊದಲಿದ. "ನೀನು ಕೊಟ್ಟಿದ್ದ..."

"ಹೇಳ್ಬೇಡ!" ಎಲೆಯನ್ನು ಕಸಿದುಕೊಂಡಳು. "ಕ್ಷಮಿಸಿದೀನಿ. ಆಯ್ತಲ್ಲ?"

ಓಡಿಬಿಟ್ಟಳು. ಕೇಳುವ ಹಕ್ಕನ್ನು ತಾನೇ ಕೈಯಾರೆ ಕಳೆದುಕೊಂಡಿದ್ದಳು...

ಮುಂದಿನ ಭಾನುವಾರ ಪ್ರಾರ್ಥನೆ ಮುಗಿದದ್ದೇ ತಡ, ಬೇಡವೆಂದರೂ ಕಾಲುಗಳು ಅವಳನ್ನು ಎಲಿನಾಮಿಯ ತೋಟಕ್ಕೇ ಎಳೆದವು.

ತೋಟ ಮತ್ತೆ ವೇಷ ಬದಲಿಸಿತ್ತು. ಅಲ್ಲಿ ಹೂವಿಗೆ ಬೆಲೆಯೇ ಇಲ್ಲ; ಎಲೆಗಳದ್ದೇ ಜಗಳ, ಎಲೆಗಳದ್ದೇ ಸರಸ. ಕೆಂಪೆಲೆಯ ಕಾಬಾಳೆ ಹಳದಿ ಪಟ್ಟೆಯ ಶುಂಠಿಯ ಹೆಗಲಿಗೊರಗಿತ್ತು. ನೀಲಿ ಮಿಂಚಿನ ಜರಿಗಿಡ ಬಾಳೆಯ ಕಾಲಡಿ ಮಲಗಿತ್ತು.

ಆದರೆ ಅವಳು ಕೊಟ್ಟ ಕಪ್ಪು ಕೆಸು? ಅದರ ಜಾಗ ಬರಿದಾಗಿತ್ತು!

'ನನ್ನ ನೆನಪನ್ನೂ ಕಿತ್ತೆಸೆದನಲ್ಲ!'

ಕೇಳುವಂತಿಲ್ಲ. ಕೇಳದೆ ಉಸಿರಾಡುವಂತೆಯೂ ಇಲ್ಲ. ಬೇಲಿಯತ್ತ ನುಗ್ಗಿ, ಒಂದು ಇಸಾಲೆ ಎಲೆ ಕಿತ್ತು, ಗಂಟು ಹಾಕಿ, ಅಲ್ಲೇ ನಿಂತಿದ್ದ ಅವನ ಮುಂದೆ ಚಾಚಿದಳು.

"ನೀನೇನು ತಪ್ಪು ಮಾಡಿದೆ?" ಎಲಿನಾಮಿ ಬೆಚ್ಚಿದ.

"ಇನ್ನೂ ಮಾಡಿಲ್ಲ. ಈಗ ಮಾಡ್ತೀನಿ... ಮೊದಲೇ ಕ್ಷಮಿಸ್ಬಿಡು!"

ಅವನು ಎಲೆ ಹಿಡಿದ. ಹಿಡಿಯದೆ ವಿಧಿಯಿರಲಿಲ್ಲ.

"ಮೋಶಿಯವಳು ಯಾರು?"

"ಯಾವ ಮೋಶಿ... ಓ! ಹೋಟೆಲಿಗೆ ಜರಿಗಿಡ ಕೊಳ್ಳೋಕೆ ಬಂದೋಳಾ? ಕಾರು ಓಡಿಸ್ತಿದ್ದೋನೇ ಅವಳ ಗಂಡ ಕಣೇ!"

"ಮತ್ತೆ ನಂಗ್ಯಾಕೆ ಇಸಾಲೆ ಕೊಟ್ಟೆ?"

ಅವನ ತಲೆ ತಗ್ಗಿತು. "ನಿನ್ನ ಕೆಸು... ಕಾಬಾಳೆ ಪಕ್ಕ ಚೆಂದ ಅಂತ ಎತ್ತಿಟ್ಟೆ. ಆಮೇಲೆ ಶುಂಠಿ ಪಕ್ಕ ಇನ್ನೂ ಚೆಂದ ಅಂತ... ಕೊಳೆತುಹೋಯ್ತು, ಆನ್ಸಿಯಾ. ನಿಮ್ಮಮ್ಮ ತೀರ್ಕೊಳ್ಳೋ ಮುಂಚೆ ನೆಟ್ಟಿದ್ರಲ್ಲಿ ಉಳಿದಿದ್ದ ಕೊನೇ ಗೆಡ್ಡೆ ಅಂತ ಗೊತ್ತಿದ್ದೂ..."

ಅಮ್ಮ! ಆನ್ಸಿಯಾ ಆ ಬರಿದು ಮಣ್ಣಿನ ಮೇಲೆ ಕುಸಿದು ಕೂತಳು. ಮಣ್ಣನ್ನು ಬೆರಳಿಂದ ಕೆದಕಿದಳು. ಏನೂ ಇರಲಿಲ್ಲ.

"ಕ್ಷಮಿಸಿಯೂ ಬಿಟ್ಟಿದೀನಿ..." ಬಿಕ್ಕಿದಳು. "ಈಗ ಬೈಯೋಕೂ ಆಗಲ್ವಲ್ಲೋ, ಪಾಪಿ!"

"ಇಲ್ಲಿ ಬೇರೇನೂ ನೆಡೋಕೆ ಮನಸ್ಸೇ ಬರ್ಲಿಲ್ಲ." ಅವನೂ ಪಕ್ಕದಲ್ಲೇ ಕೂತ. "ನೀನೂ ಬರ್ದೇ ಇದ್ರೆ ಅಂತ... ವಾರವಿಡೀ ಬೇಲಿ ಹತ್ರಾನೇ ನಿಂತಿದ್ದೆ."

ಅವಳು ಅವನತ್ತ ತಿರುಗಿದಳು. "ಎಲ್ಲಾನೂ ಕಿತ್ತು ಕಿತ್ತು ನೆಡ್ತೀಯ. ನನ್ನನ್ನ?"

"ಬೇಲಿ ಇಸಾಲೆ ನಮ್ಮಜ್ಜಿ ನೆಟ್ಟಿದ್ದು. ಅದರ ಬೇರು ಮುಟ್ಟೋ ಧೈರ್ಯ ನಂಗೂ ಇಲ್ಲ. ನೀನು ಅದರ ಥರ... ಇರ್ತೀಯಾ?"

ಅವಳು ಮಣ್ಣಾದ ಕೈಯನ್ನು ಅವನ ಕೈಯೊಳಗಿಟ್ಟಳು.

"ಇಲ್ಲೇ ಕೂತಿದೀನಲ್ಲ, ಕಾಣಲ್ವಾ?"

"ನೀರು ಹಾಕ್ಲಾ ಹಾಗಾದ್ರೆ?"

"ಹುಚ್ಚಪ್ಪ!" ಅಳುತ್ತಲೇ ನಕ್ಕಳು. "ಸುಮ್ನೆ ಕೈ ಹಿಡ್ಕೊಂಡಿರು..."