ಕೊಟ್ಟಿಗೆಗೆ ಸೇರದ ಸೋಂಕು

ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಠಾಣೆಯ ಮೆಟ್ಟಿಲು ಹತ್ತಿದವರು ಇಬ್ಬರು. ಒಬ್ಬ ಬಸ್ ಕಂಡಕ್ಟರ್, ಹಿಂದಿನ ದಿನವಷ್ಟೇ ಪುಟ್ಟ ಮಗಳನ್ನು ಮಣ್ಣು ಮಾಡಿ ಬಂದವನು. ಇನ್ನೊಬ್ಬಳು ಆ ಮಗು ಹೋಗುತ್ತಿದ್ದ ಶಿಶುಪಾಲನಾ ಕೇಂದ್ರದ ಆಯಾ. ಅವನ ಬಾಯಿಂದ ಮಾತೇ ಹೊರಡದಿದ್ದಾಗ ಅವಳೇ ಹೇಳಿದಳು.

“ಐದು ಮಕ್ಕಳಿಗೆ ಭೇದಿ ಹಿಡಿದಿದೆ ಸಾರ್. ಇವರ ಪಾಪು ಹೋಗ್ಬಿಟ್ಲು. ನಮ್ಮ ಗೋಡೆ ಆಚೆ ಹಾಲಿನವನ ಕೊಟ್ಟಿಗೆ ಇದೆ. ಅವನ ಕರುಗಳಿಗೂ ಭೇದಿ. ತೊಳೆದ ನೀರು ನಮ್ಮ ಕುಡಿಯೋ ನೀರಿನ ತೊಟ್ಟಿಗೇ ಇಳಿಯುತ್ತೆ.”

ಇನ್‌ಸ್ಪೆಕ್ಟರ್ ನಿರ್ಲಕ್ಷ್ಯದಿಂದಾದ ಸಾವು ಎಂದು ಎಫ್‌ಐಆರ್ ದಾಖಲಿಸಿದರು. ಜೀಪು ತಲುಪುವ ಹೊತ್ತಿಗೆ ಜನ ಹಾಲಿನ ಕ್ಯಾನುಗಳನ್ನು ಜಜ್ಜಿ ಹಾಕಿದ್ದರು. ಹಾಲಿನವನ ತುಟಿ ಒಡೆದಿತ್ತು. ಅವನನ್ನು ಠಾಣೆಗೆ ಕರೆತಂದದ್ದು ಬಂಧಿಸುವುದಕ್ಕಿಂತ ಬದುಕಿಸುವುದಕ್ಕೆ. ಜೀಪಿನಲ್ಲಿ ಅವನು ಕೇಳಿದ್ದು ಒಂದೇ ಮಾತು: “ಕರುಗಳಿಗೆ ನೀರು ಯಾರು ಇಡ್ತಾರೆ?”

ಕೊಟ್ಟಿಗೆಗೆ ಬೀಗ ಬಿತ್ತು. ಕಾವಲಿಗೆ ನಿಂತವನು ಕಡ್ಡಿಯಂತಿದ್ದ ಹೆಡ್ ಕಾನ್‌ಸ್ಟೆಬಲ್. ಹಾಗಿದ್ದುದಕ್ಕೇ ಠಾಣೆಯವರು ಅವನಿಗೆ ದಪ್ಪಣ್ಣ ಎಂದು ಹೆಸರಿಟ್ಟಿದ್ದರು. ಪ್ರತಿ ಕರುವಿನ ಸಗಣಿಯನ್ನೂ ಪಂಚ ಸಾಕ್ಷಿಗಳ ಎದುರು ಡಬ್ಬಿಗೆ ತುಂಬಿ ಅರಗಿನ ಮುದ್ರೆ ಒತ್ತಿದರು. ಪಕ್ಕದ ಕೇಂದ್ರದಲ್ಲಿ ಆರೋಗ್ಯಾಧಿಕಾರಿ ಉಳಿದ ನಾಲ್ಕು ಮಕ್ಕಳ ಮಲವನ್ನು ಬಾಟಲಿಗಳಲ್ಲಿ ತೆಗೆದುಕೊಂಡರು.

“ಇದು ಕಣ್ಣಿಗೆ ಕಾಣದ ಪರೋಪಜೀವಿ” ಎಂದು ಅವರು ವಿವರಿಸಿದರು. “ಇದರಲ್ಲಿ ಒಂದು ಜಾತಿ ಕರುವಿನಿಂದ ಮನುಷ್ಯರಿಗೆ ದಾಟುತ್ತೆ. ಇನ್ನೊಂದು ಮನುಷ್ಯರಿಂದ ಮನುಷ್ಯರಿಗೆ. ಎರಡನೇದಾಗಿದ್ರೆ ಹಾಲಿನವನದ್ದಲ್ಲ, ಒಳಗಿನವರೇ ಯಾರೋ ತಂದಿದ್ದಾರೆ.”

ಆಯಾ ಅಲ್ಲೇ ನೆಲ ಒರೆಸುತ್ತಿದ್ದಳು. ಪ್ರಯೋಗಾಲಯ ಮುಚ್ಚಿದ್ದರಿಂದ ಬಾಟಲಿಗಳು ಕೇಂದ್ರದ ಫ್ರಿಜ್‌ನಲ್ಲೇ ಉಳಿದವು. ಮರುದಿನ ಅವಳೇ ಕೊಂಡೊಯ್ದು ಮುಟ್ಟಿಸಿದಳು. ಸಗಣಿಗೆ ಅರಗು ಬಿತ್ತು, ಮಕ್ಕಳ ಬಾಟಲಿಗಳಿಗೆ ಬೀಳಲಿಲ್ಲ. ಅದು ಯಾರಿಗೂ ಹೊಳೆಯಲೂ ಇಲ್ಲ.

ಮುಂದಿನ ವಾರ ವರದಿ ಬಂತು. ಬಾಟಲಿಗಳಲ್ಲಿದ್ದುದು ಕರುವಿನಿಂದ ದಾಟುವ ಜಾತಿಯೇ. ಬಂಧನದಲ್ಲಿದ್ದ ಹಾಲಿನವನು ಹೊರಬರುವ ಆಸೆಯೂ ಕಮರಿತು. ಆದರೆ ವರದಿ ತಂದ ವಿಜ್ಞಾನಿ ಕುರ್ಚಿಯಿಂದ ಏಳಲಿಲ್ಲ.

“ಜಾತಿ ಒಂದೇ ಸಾರ್, ವಂಶ ಬೇರೆ. ಅವನ ಕೊಟ್ಟಿಗೆಯಲ್ಲಿ ಎರಡು ವಂಶದ್ದಿವೆ. ನಾಲ್ಕು ಬಾಟಲಿಯಲ್ಲಿ ಇರೋದು ಮೂರನೇದು. ಅದು ಅವನ ಒಂದು ಕರುವಿನಲ್ಲೂ ಇಲ್ಲ.”

“ಹಾಗಾದ್ರೆ ಬೇರೆ ಯಾರದೋ ಕರು?”

“ಹುಡುಕಿದ್ರೆ ಸಿಗುತ್ತೆ.”

ಹುಡುಕುವುದೆಂದರೆ ಊರಿನ ಕೊಟ್ಟಿಗೆಗಳನ್ನೆಲ್ಲ ಬಗ್ಗಿ ನೋಡುವುದು. “ಕಳ್ಳರನ್ನ ಹಿಡಿಯೋಕೆ ಸೇರಿದ್ದೆ, ಸಗಣಿ ಹಿಡಿಯೋ ಹಾಗಾಯ್ತು” ಎಂದು ಗೊಣಗುತ್ತಲೇ ದಪ್ಪಣ್ಣ ಡಬ್ಬಿ ತುಂಬಿದ. ಹೋಗುವ ಮುಂಚೆ ಮಾತ್ರ ದಿನವೂ ಹಾಲಿನವನ ಕರುಗಳಿಗೆ ನೀರಿಡುತ್ತಿದ್ದ.

ಮೂರನೇ ವಂಶ ಸಿಕ್ಕಿದ್ದು ಊರಿನ ಇನ್ನೊಂದು ತುದಿಯಲ್ಲಿ, ಒಬ್ಬ ಬಡಗಿಯ ಹಿತ್ತಿಲಲ್ಲಿ ಕಟ್ಟಿದ್ದ ಒಂಟಿ ಕರುವಿನಲ್ಲಿ. ಅಲ್ಲಿಂದ ಕೇಂದ್ರಕ್ಕೆ ಹಾಲೂ ಹೋಗುವುದಿಲ್ಲ, ನೀರೂ ಹರಿಯುವುದಿಲ್ಲ.

“ಈ ಕರುವಿನ ಸಗಣಿ ಯಾರಾದ್ರೂ ತಗೊಂಡು ಹೋದ್ರಾ?” ಇನ್‌ಸ್ಪೆಕ್ಟರ್ ಕೇಳಿದರು.

ಬಡಗಿ ಉಳಿ ಕೆಳಗಿಟ್ಟ. “ಹೂಂ, ನನ್ನ ತಂಗಿ. ಗಿಡಕ್ಕೆ ಬೇಕು ಅಂದ್ಲು. ಹಸುದು ತಗೊಳ್ಳೇ ಅಂದ್ರೆ, ಬೇಡಣ್ಣ, ಭೇದಿ ಆಗಿರೋ ಕರುದ್ದೇ ಬೇಕು ಅಂತ ಹಟ. ಇವಳಿಗೇನು ತಲೆಗಿಲೆ ಕೆಟ್ಟಿದೆಯಾ ಅಂದ್ಕೊಂಡೆ.”

“ಯಾವತ್ತು?”

“ಹಾಲಿನವನಿಗೆ ಜನ ಹೊಡೆದ್ರಲ್ಲ, ಅವತ್ತು ಸಂಜೆ.”

“ತಂಗಿ ಏನ್ ಕೆಲಸ ಮಾಡ್ತಾರೆ?”

“ಮಕ್ಕಳ ಕೇಂದ್ರದಲ್ಲಿ ಆಯಾ.”

ಕೇಂದ್ರದ ಪಕ್ಕದ ಕೊಟ್ಟಿಗೆಗೆ ದಪ್ಪಣ್ಣನ ಕಾವಲಿತ್ತು, ಅದಕ್ಕೇ ಅವಳು ಇಲ್ಲಿಗೆ ಬಂದಿದ್ದಳು. ಕರುವಿನ ಭೇದಿಯೆಲ್ಲ ಒಂದೇ ಎಂದು ಅವಳು ತಿಳಿದಿದ್ದಳು. ವಿಜ್ಞಾನಿ ಹೇಳುವವರೆಗೆ ಇನ್‌ಸ್ಪೆಕ್ಟರೂ ಹಾಗೇ ತಿಳಿದಿದ್ದರು.

ಕೇಂದ್ರ ಇನ್ನೂ ಮುಚ್ಚಿದ್ದರಿಂದ ಮಧ್ಯಾಹ್ನ ಮೂರಕ್ಕೆ ಮಹಿಳಾ ಕಾನ್‌ಸ್ಟೆಬಲ್ ಜೊತೆ ಇನ್‌ಸ್ಪೆಕ್ಟರ್ ಅವಳ ಮನೆಗೇ ಹೋದರು. ಒಂದೇ ಕೋಣೆ. ಹಗ್ಗದ ಮೇಲೆ ಒಗೆದ ಚಡ್ಡಿಗಳ ಸಾಲು. ಚಾಪೆಯ ಮೇಲೆ ಮೂರು ವರ್ಷದ ಮಗ ಮಲಗಿದ್ದ, ಪಕ್ಕೆಲುಬು ಎಣಿಸುವಂತೆ ಸೊರಗಿದ್ದ. ಅವನ ಎಡಗಾಲು ಮೊಣಕಾಲಿನಿಂದ ಕೆಳಗೆ ಸುಟ್ಟು ಸುಕ್ಕಾಗಿತ್ತು.

“ಮೊದಲು ಭೇದಿ ಶುರುವಾಗಿದ್ದು ಇವನಿಗಾ?”

ಅವಳು ಹೌದೆಂದು ತಲೆಯಾಡಿಸಿದಳು. “ಕೇಂದ್ರದ ಅಡುಗೆಕೋಣೆ ಮೂಲೇಲಿ ಮಲಗಿಸ್ತಿದ್ದೆ. ಇವನನ್ನ ತೊಳೆದು, ಅದೇ ಕೈಯಲ್ಲಿ ಆ ಮಕ್ಕಳಿಗೆ ಉಣ್ಣಿಸ್ತಿದ್ದೆ. ಕೈ ತೊಳೀತಿದ್ದೆ ಸಾರ್. ಸರಿಯಾಗಿ ತೊಳೀಲಿಲ್ವೇನೋ.”

“ಮನೇಲೇ ಇರಬಹುದಿತ್ತಲ್ಲ?”

“ಎರಡು ದಿನ ಹೋಗ್ದಿದ್ರೆ ಬೇರೆಯವರನ್ನ ಇಟ್ಕೋತಾರೆ. ಹೋದ ವರ್ಷ ಇವನಿಗೆ ಜ್ವರ ಬಂದಾಗ ಮನೇಲಿ ಬಿಟ್ಟು ಬೀಗ ಹಾಕ್ಕೊಂಡು ಹೋಗಿದ್ದೆ. ಬಿಸಿನೀರು ಕಾಲ ಮೇಲೆ ಎಳ್ಕೊಂಡ.” ಅವಳು ಮಗನ ಕಾಲಿನ ಮೇಲೆ ಬಟ್ಟೆ ಎಳೆದಳು. “ಇನ್ನು ಒಬ್ಬನ್ನೇ ಬಿಡಲ್ಲ ಅಂತ ಅವತ್ತೇ ಅಂದ್ಕೊಂಡೆ.”

“ಬಾಟಲಿಗಳು?”

“ಚೆಲ್ಲಿ, ತೊಳೆದು, ಕರುದ್ದು ತುಂಬಿದೆ. ಒಳಗಿನವರು ತಂದಿದ್ದು ಅಂತ ಗೊತ್ತಾದ್ರೆ ಇವನನ್ನ ಕಟ್ಕೊಂಡು ನಾನೆಲ್ಲಿಗೆ ಹೋಗ್ಲಿ?”

“ಹಾಲಿನವನಿಗೆ ಶಿಕ್ಷೆ ಆಗ್ತಿತ್ತು.”

“ಅವನಿಗೆ ಹೆಂಡತಿ ಮಕ್ಕಳಿಲ್ಲ ಅಂದ್ಕೊಂಡೆ.” ಮಗನ ಹಣೆ ಸವರುತ್ತಾ ಹೇಳಿದಳು, “ಇದ್ದಾರೆ ಅಂತ ಗೊತ್ತಿತ್ತು. ಆದ್ರೂ ಹಾಗೇ ಅಂದ್ಕೊಂಡೆ.”

ಸಾಕ್ಷ್ಯನಾಶ ಮತ್ತು ಸುಳ್ಳು ಸಾಕ್ಷ್ಯ ಸೃಷ್ಟಿಸಿದ ಆರೋಪದ ಮೇಲೆ ಅವಳನ್ನು ಬಂಧಿಸಲಾಯಿತು. ಇನ್ನೂ ಗುಣವಾಗದ ಇಬ್ಬರು ಮಕ್ಕಳಿಂದಲೂ ಅವಳ ಮಗನಿಂದಲೂ ಹೊಸದಾಗಿ ಮಲ ತೆಗೆದು, ಈ ಸಲ ಅರಗು ಒತ್ತಿ ಕಳಿಸಿದರು. ಮೂರರಲ್ಲೂ ಮನುಷ್ಯರಿಂದ ದಾಟುವ ಜಾತಿ, ಒಂದೇ ವಂಶ. ಹಾಲಿನವನು ಹೊರಗೆ ಬಂದ. ಅವನ ಹಾಲನ್ನು ಮಾತ್ರ ಆಮೇಲೆ ಆ ಬೀದಿಯವರು ಯಾರೂ ಕೊಳ್ಳಲಿಲ್ಲ.

ಆಯಾಳನ್ನು ಬಂಧಿಸಿದ ದಿನ ಸಂಜೆ ಕಂಡಕ್ಟರ್ ಠಾಣೆಗೆ ಬಂದಿದ್ದ. ಬಾಗಿಲಲ್ಲೇ ನಿಂತು ಆಚೀಚೆ ನೋಡಿದ.

“ಆಯಾ ಅಕ್ಕ ಬಂದಿಲ್ವಾ ಸಾರ್? ಅವರಿದ್ರೆ ನಂಗೆ ಮಾತಾಡೋಕೆ ಧೈರ್ಯ. ಪಾಪು ಅವರ ಮಡಿಲಲ್ಲೇ ಮಲಗ್ತಿದ್ಲು.”

ಒಳಕೋಣೆಯಲ್ಲಿ ಮಗುವೊಂದು ನೀರು ಕೇಳಿ ಅತ್ತಿತು. ಅದನ್ನು ಸಮಾಧಾನ ಮಾಡುವ ದನಿಯೂ ಕೇಳಿಸಿತು. ಕಂಡಕ್ಟರ್ ದಿನವೂ ಬೆಳಿಗ್ಗೆ ಮಗಳನ್ನು ಕೈಗಿಟ್ಟು ಹೋಗುವಾಗ ಬೆನ್ನ ಹಿಂದೆ ಕೇಳುತ್ತಿದ್ದ ದನಿ ಅದು. ಅವನ ಮುಖ ಅರಳಿತು.

“ಇದ್ದಾರಲ್ಲ ಸಾರ್, ಒಳಗೇ ಇದ್ದಾರೆ.”

ಇನ್‌ಸ್ಪೆಕ್ಟರ್ ಎದ್ದು ಬಂದು ಅವನ ಭುಜ ಹಿಡಿದು ಕುರ್ಚಿಯಲ್ಲಿ ಕೂರಿಸಿದರು.