ಎಡಗಡೆ ಸೀಟಿನ ಸೀಸ

“ಕಾರಲ್ಲಿ ಬೇರೆ ಏನ್ ಬೇಕಾದ್ರೂ ಬಿಚ್ಚು. ಆ ಸೀಸದ ತಗಡನ್ನ ಮಾತ್ರ ಮುಟ್ಟಬೇಡ,” ಎಂದರು ಮೇಸ್ತ್ರಿ.

ತಕ್ಕಡಿ ನಕ್ಕ. ಅವನು ಗ್ಯಾರೇಜಿಗೆ ಸೇರಿ ಇನ್ನೂ ತಿಂಗಳಾಗಿರಲಿಲ್ಲ. ನಟ್ಟು, ಬೋಲ್ಟು, ಕೊನೆಗೆ ತನ್ನ ಊಟದ ಡಬ್ಬಿಯನ್ನೂ ತೂಗಿ ನೋಡುವ ಚಾಳಿಗೆ ಗ್ಯಾರೇಜಿನವರು ಅಂಟಿಸಿದ ಹೆಸರದು. ಹಳೆಯ ರೇಸ್ ಕಾರುಗಳನ್ನು ಹಗುರ ಮಾಡುವುದರಲ್ಲಿ ಅವನದು ಎತ್ತಿದ ಕೈ. ಭಾನುವಾರದ ಓಟದಲ್ಲಿ ಈ ಕಾರನ್ನು ಓಡಿಸಬೇಕಾದವಳು ಅವನ ತಂಗಿ. ಅಪ್ಪ ಅಮ್ಮ ಹೋದ ಮೇಲೆ ಅವಳಿಗೆ ಜಡೆ ಹಾಕಲು ಕಲಿತು, ಕೈತುತ್ತು ಕೊಟ್ಟು ಬೆಳೆಸಿದವನು ಅವನೇ. ಅವಳು ಗೆಲ್ಲಬೇಕು, ಅದಕ್ಕೆ ಕಾರು ಹಗುರಾಗಬೇಕು. ಅವನ ತಲೆಯಲ್ಲಿ ಇದ್ದದ್ದು ಅದೊಂದೇ.

ಚಾವಣಿಯಿಲ್ಲದ, ಬಾಗಿಲಿಲ್ಲದ, ಎರಡೇ ಸೀಟಿನ ಮುದಿ ಕಾರು. ಬಲಗಡೆ ಓಡಿಸುವವನು. ಎಡಗಡೆ, ಆ ಕಾಲದ ಪದ್ಧತಿಯಂತೆ, ಓಟ ಮುಗಿಯುವವರೆಗೂ ಕೈಪಂಪಿನಿಂದ ಎಂಜಿನ್ನಿಗೆ ಎಣ್ಣೆ ಒತ್ತುತ್ತಾ ಕೂರುವ ಮೆಕ್ಯಾನಿಕ್. ಹಾಗೆ ಕೂತ ಹುಡುಗನೊಬ್ಬ ತಿರುವಿನಲ್ಲಿ ಹೊರಕ್ಕೆ ಬಿದ್ದು ಸತ್ತನಂತೆ. ಓಡಿಸುತ್ತಿದ್ದ ಯಜಮಾನ ಗಾಡಿ ನಿಲ್ಲಿಸದೆ ಹೋಗಿ ಓಟ ಗೆದ್ದನಂತೆ. ಹುಡುಗನ ತಾಯಿ ಕಾರಿಗೆ ಮಾಟ ಮಾಡಿಸಿದಳು: ನನ್ನ ಮಗನ ಜಾಗ ಖಾಲಿ ಇರುವಷ್ಟು ದಿನ ಇದನ್ನು ಓಡಿಸಿದವರು ಉಳಿಯಬಾರದು. ಇಬ್ಬರು ಹೋದ ಮೇಲೆ ಯಾರೋ ಮಂತ್ರವಾದಿ ಸೀಸದ ತಗಡಿನ ಮೇಲೆ ಆಳಿನ ಆಕಾರ ಕೆತ್ತಿ, ಆ ಸೀಟಿನಡಿ ಮೊಳೆ ಜಡಿದು ಕೂರಿಸಿದ. ಜಾಗ ತುಂಬಿತು, ಸಾವು ನಿಂತಿತು. ಇದಿಷ್ಟನ್ನೂ ಮೇಸ್ತ್ರಿ ತಗ್ಗಿದ ದನಿಯಲ್ಲಿ ಹೇಳಿದರು.

“ಹನ್ನೊಂದು ಕಿಲೋ ದೆವ್ವ, ಮೇಸ್ತ್ರಿಗಳೇ. ಅದನ್ನ ಹೊತ್ಕೊಂಡು ನನ್ನ ತಂಗಿ ಗೆಲ್ಲೋದು ಹೇಗೆ?” ಎಂದ ತಕ್ಕಡಿ.

ಮರುದಿನ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಷಟರ್ ಅರ್ಧ ಎಳೆದುಕೊಂಡು ಮೊಳೆಗಳನ್ನು ಕಿತ್ತ. ಕಿತ್ತ ತೂತುಗಳಿಂದ ಹಸಿ ಗಾಯದ ವಾಸನೆ ಬಂತು. ತುಕ್ಕು ಎಂದುಕೊಂಡ. ಸೀಸವನ್ನು ಬಿಸಾಡುವ ಮೆಕ್ಯಾನಿಕ್ ಇನ್ನೂ ಹುಟ್ಟಿಲ್ಲ. ತಗಡನ್ನು ಕತ್ತರಿಸಿ ಬಾಣಲೆಯಲ್ಲಿ ಕರಗಿಸಿದ, ಅದರಲ್ಲಿ ಒಂದಿಷ್ಟರಿಂದ, ಓಡುವಾಗ ಚಕ್ರ ಅಲುಗದಂತೆ ಅಂಚಿಗೆ ಸಿಕ್ಕಿಸುವ ಪುಟ್ಟ ಪುಟ್ಟ ತೂಕಗಳನ್ನು ಎರಕ ಹೊಯ್ದ, ನಾಲ್ಕೂ ಚಕ್ರಗಳಿಗೆ ಹಾಕಿದ. ಕರಗುವಾಗ ಕೂದಲು ಸುಟ್ಟ ಕಮಟು ಶೆಡ್ಡಿನ ತುಂಬ ಹಬ್ಬಿತು. ತನ್ನ ಜಾಣತನಕ್ಕೆ ತಾನೇ ಬೆನ್ನು ತಟ್ಟಿಕೊಂಡ.

ಆಮೇಲೆ ಚಕ್ರಕ್ಕೊಂದರಂತೆ ನಾಲ್ಕು ತೂಕದ ಯಂತ್ರಗಳ ಮೇಲೆ ಕಾರನ್ನು ನಿಲ್ಲಿಸಿದ. ಎಡಭಾಗ ಹಗುರಾಗಿರಬೇಕಿತ್ತು. ಐವತ್ತೆಂಟು ಕಿಲೋ ಹೆಚ್ಚು ತೋರಿಸಿತು. ಯಂತ್ರಗಳನ್ನು ಸೊನ್ನೆಗೆ ತಂದು ಮತ್ತೆ ತೂಗಿದ. ಐವತ್ತೆಂಟೇ. ಸೀಟಿನ ಚರ್ಮ ನಡುವೆ ತಗ್ಗಾಗಿತ್ತು, ಯಾರೋ ಕೂತ ಹಾಗೆ. ಆದರೂ ಬಾಯಿ ಬಿಡಲಿಲ್ಲ, ಹೇಳಿದರೆ ಓಟವೇ ನಿಂತೀತು. ಯಂತ್ರ ಕೆಟ್ಟಿದೆ ಎಂದು ತನಗೇ ಸುಳ್ಳು ಹೇಳಿಕೊಂಡ.

ನಾಲ್ಕು ಗಂಟೆಗೆ ತಂಗಿ ಬಂದಳು. ಗ್ಯಾರೇಜಿನ ಹಿಂದಿನ ಅಂಗಳದಲ್ಲಿ ಒಂದು ಸುತ್ತು, ಎರಡು ಸುತ್ತು. ನಗುತ್ತಲೇ ಇದ್ದಳು. ಮೂರನೆಯ ಸುತ್ತಿನಲ್ಲಿ ನಗು ನಿಂತಿತು.

“ಅಣ್ಣಾ, ಪೆಡಲ್ ಮೇಲಿಂದ ಕಾಲು ಎತ್ತಕ್ಕಾಗ್ತಿಲ್ಲ. ಪಕ್ಕದಲ್ಲಿ ಯಾರೋ ನನ್ನ ಕೈ ಹಿಡ್ಕೊಂಡಿದಾರೆ.”

ಎಂಜಿನ್ ಕಿರುಚಿತು. ಕಾರು ಗೋಡೆಯನ್ನು ಸವರಿಕೊಂಡು ಹೋಯಿತು. ಎಡಗಡೆಯ ಕೈಪಂಪು ತಾನಾಗಿ ಮೇಲೆ ಕೆಳಗೆ ಆಡುತ್ತಿತ್ತು. ಓಡಿ ಬಂದ ಮೇಸ್ತ್ರಿ ತಗಡೆಲ್ಲಿ ಎಂದು ಕೇಳಿದರು. ತಕ್ಕಡಿ ತಿರುಗುವ ಚಕ್ರಗಳತ್ತ ಕೈ ತೋರಿಸಿದ. ಮೇಸ್ತ್ರಿಯ ಮುಖ ಬಿಳಿಚಿತು.

“ಕರಗಿಸಿಬಿಟ್ಯಾ? ಇನ್ನು ಆ ಜಾಗಕ್ಕೆ ಆಳೇ ಬೇಕಲ್ಲೋ.”

ಕಾರು ಮತ್ತೆ ಬಂತು. ಹೊಗೆ. ಬಿಸಿ ಎಣ್ಣೆಯ ವಾಸನೆ. ಬಿಳಿಚಿದ ಅವಳ ತುಟಿ. ಅವನು ಯೋಚಿಸಲಿಲ್ಲ. ಓಡಿದ. ಹಾರಿದ. ಎಡಗಡೆ ಸೀಟಿಗೆ ಬಿದ್ದ. ಕೆಳಗೆ ತಣ್ಣನೆಯ ಮಡಿಲು. ಅದು ಅವನನ್ನು ತಬ್ಬಿತು. ಬಿಗಿಯಾಗಿ. ಆಮೇಲೆ ಮೆಲ್ಲಗೆ ಸಡಿಲವಾಗಿ, ಎದ್ದು ಹೋಯಿತು.

ಎಂಜಿನ್ ನಿಂತಿತು. ತಂಗಿ ಇಳಿದು ನೆಲದ ಮೇಲೆ ಕುಸಿದು ಅತ್ತಳು. ಅವಳು ಉಳಿದಳು, ಸಾಕು ಎಂದುಕೊಂಡು ತಕ್ಕಡಿ ಇಳಿಯಲು ಹೋದ. ಸೊಂಟದ ಕೆಳಗೆ ಸ್ಪರ್ಶವೇ ಇರಲಿಲ್ಲ.

ಡಾಕ್ಟರುಗಳು ನರಗಳೆಲ್ಲ ಸರಿಯಿವೆ ಎಂದರು. ತಿಂಗಳುಗಟ್ಟಲೆ ಹಾಸಿಗೆ ಹಿಡಿದ. ಒಂದು ಸಂಜೆ ಮೇಸ್ತ್ರಿ ಅವನನ್ನು ಎತ್ತಿ ತಂದು ಆ ಸೀಟಿನಲ್ಲೇ ಕೂರಿಸಿ ಕಾರು ತಳ್ಳಿದರು. ಕಾರು ಅಲುಗಿದ್ದೇ ತಡ ಅವನ ಕಾಲ್ಬೆರಳುಗಳು ಜುಮ್ಮೆಂದವು. ಅವನು ಮಗುವಿನಂತೆ ಅತ್ತ. ನಿಲ್ಲಿಸಿದೊಡನೆ ಕಾಲು ಮತ್ತೆ ಕಟ್ಟಿಗೆಯಾದವು.

ಈ ಕಾರಿನ ನೆರಳನ್ನೂ ತುಳಿಯುವುದಿಲ್ಲ ಎಂದು ಆಣೆ ಮಾಡಿದ್ದ ತಂಗಿ ಈಗ ದಿನವೂ ಬರುತ್ತಾಳೆ. ರೇಸು ಬಿಟ್ಟಿದ್ದಾಳೆ. ಬಂದ ಸಂಬಂಧವನ್ನೂ ಬಿಟ್ಟಿದ್ದಾಳೆ. ನಡಿಗೆಯ ವೇಗದಲ್ಲಿ ಅಂಗಳ ಸುತ್ತುತ್ತಾಳೆ. ಅವಳು ಮತ್ತೆ ಮತ್ತೆ ಪೆಡಲಿನಿಂದ ಕಾಲೆತ್ತಿ ನೋಡಿಕೊಳ್ಳುವುದು ಅವನಿಗೆ ಕಾಣುತ್ತದೆ. ಸಾಕು, ಮನೆಗೆ ಹೋಗು ಎನ್ನಬೇಕೆಂದು ದಿನವೂ ಬಾಯಿ ತೆರೆಯುತ್ತಾನೆ.

“ಇನ್ನೊಂದ್ ಸುತ್ತು, ಪುಟ್ಟಿ,” ಎನ್ನುತ್ತಾನೆ.