ಹನ್ನೆರಡು ಜೋಡಿ ಬೂಟು

ಕಬ್ಬಿಣದ ಮೆಟ್ಟಿಲು ಹತ್ತುತ್ತಿದ್ದ ನಾಗರತ್ನಾಳ ಕಾಲು ಅರ್ಧದಲ್ಲೇ ನಿಂತುಬಿಟ್ಟಿತು.

ಮೂಡಲಗಿ ಹತ್ತಿರದ ಒಂದು ಸಕ್ಕರೆ ಕಾರ್ಖಾನೆ ಅದು. ಮೇಲೆ ಕಬ್ಬಿನ ರಸ ಕುದಿಯುತ್ತಿತ್ತು. ಹಬೆಯ ಸದ್ದಿಗೆ ಮೆಟ್ಟಿಲೇ ಅದುರುತ್ತಿತ್ತು. ಮುಂದೆ ಹೋಗುತ್ತಿದ್ದ ಸೇಫ್ಟಿ ಆಫೀಸರ್ ಮಾಲಿಂಗ ತಿರುಗಿ ನೋಡಿದ.

"ಬರ್ರಿ ಮೇಡಂ. ನೀವು ಮಾಡಿದ ಬೂಟು ಹಾಕ್ಕೊಂಡು ಈ ನೆಲದ ಮ್ಯಾಲ ನಾಕು ಹೆಜ್ಜಿ ನಡದು ತೋರಸ್ರಿ."

ಅವಳು ಹಿಡಿದ ಕಂಬಿ ಬಿಡಲಿಲ್ಲ.

"ಯಾಕ್ರಿ? ನಿಮ್ಮ ಬೂಟಿನ ಮ್ಯಾಲ ನಿಮಗ ನಂಬಿಕಿ ಇಲ್ಲೇನು?"

ಅವಳು ತಂದಿದ್ದ ಬೂಟಿನ ಬಾಕ್ಸುಗಳನ್ನೂ ಅಲ್ಲೇ ಬಿಟ್ಟು ಇಳಿದು ಹೋದಳು.

ಪಾಪ, ಅವನಿಗೇನು ಗೊತ್ತು... ಆರು ವರ್ಷದ ಹಿಂದೆ ಇಂಥದ್ದೇ ಇನ್ನೊಂದು ಕಾರ್ಖಾನೆಯ ನೆಲದ ಮೇಲೆ ಅವಳ ತಾಯಿ ಲಗಮವ್ವ ಜಾರಿ ಬಿದ್ದಿದ್ದಳು. ಕಾಲಲ್ಲಿದ್ದದ್ದು ಗಂಡಸರ ಅಳತೆಯ ಬೂಟು, ಹೆಜ್ಜೆ ಇಟ್ಟರೆ ಕಳಚಿ ಬರುವಷ್ಟು ದೊಡ್ಡದು. ಬಿಸಿ ರಸ ಅದರೊಳಗೇ ತುಂಬಿಕೊಂಡಿತು. ಅವತ್ತಿನಿಂದ ಲಗಮವ್ವ ಎಡಗಾಲು ಎಳೆದುಕೊಂಡೇ ನಡೆಯುತ್ತಾಳೆ.

ಆಮೇಲೆಯೇ ನಾಗರತ್ನಾ ಹುಕ್ಕೇರಿಯಲ್ಲಿ ನಾಲ್ಕು ಜನ ಹೆಂಗಸರನ್ನು ಕಟ್ಟಿಕೊಂಡು ತನ್ನ ಪುಟ್ಟ ಕಂಪನಿ ಶುರು ಮಾಡಿದ್ದು. ಹೆಂಗಸರ ಪಾದದ ಅಳತೆಗೇ ಮಾಡಿದ ಬೂಟು. ಸೆರಗು, ದುಪಟ್ಟಾ ಮಷೀನಿಗೆ ಸಿಗದಂಥ ಕೋಟು, ಪ್ಯಾಂಟು. ಎಲ್ಲವನ್ನೂ ಮಾಡಿದಳು. ಆದರೆ ರಸ ಕುದಿಯುವ ನೆಲದ ಮೇಲೆ ಕಾಲಿಡುವ ಧೈರ್ಯ ಮಾತ್ರ ಅವಳಿಗೆ ಬಂದಿರಲಿಲ್ಲ.

ಮೂರನೆಯ ದಿನ ಮಾಲಿಂಗನೇ ಫೋನ್ ಮಾಡಿದ. ಬಿಟ್ಟುಹೋದ ಹನ್ನೆರಡು ಜೋಡಿಯನ್ನೂ ಹನ್ನೆರಡು ಹೆಂಗಸರಿಗೆ ಹಾಕಿಸಿದ್ದೇನೆ, ಒಬ್ಬಳಿಗೆ ಹಿಮ್ಮಡಿ ಕಚ್ಚುತ್ತಿದೆ ಎಂದ. ಅವಳು ಅದನ್ನು ಸರಿಮಾಡಿ ಕಳಿಸಿದಳು. ಆಮೇಲೆ ದಿನಾ ಸಂಜೆ ಫೋನು. ಮೊದಮೊದಲು ಹೊಲಿಗೆಯ ಮಾತು, ಬೂಟಿನ ತಳದ ಅಟ್ಟೆಯ ಮಾತು. ಬರುಬರುತ್ತಾ ಕೌಜಲಗಿಯಲ್ಲಿರುವ ಅವನ ಅವ್ವನ ಮಾತು, ಅವ್ವ ಇನ್ನೂ ಸಾಕಿರುವ ಕುರಿಗಳ ಮಾತು. ಐದು ಗಂಟೆಯಾದರೆ ನಾಗರತ್ನಾಳ ಕಣ್ಣು ತಾನಾಗಿಯೇ ಫೋನಿನತ್ತ ಹೋಗತೊಡಗಿತು.

ಒಂದು ಸಂಜೆ ಅವನು ಮೆಲ್ಲಗೆ ಕೇಳಿದ, "ಅವ್ವನ್ನ ಕರಕೊಂಡು ನಿಮ್ಮ ಮನಿಗೆ ಬರಲೇನ್ರಿ?"

ಹೆಣ್ಣು ಕೇಳುವ ಮಾತದು. ಇವನನ್ನು ಮದುವೆಯಾದರೆ... ದಿನಾ ಆ ಹಬೆಯೊಳಗೆ ಇವನನ್ನು ಕಳಿಸಿ, ಸಂಜೆಯವರೆಗೆ ಜೀವ ಕೈಯಲ್ಲಿ ಹಿಡಿದು ಕೂರಬೇಕು. ಅವಳು ಫೋನ್ ಇಟ್ಟುಬಿಟ್ಟಳು. ಎಂಟು ದಿನ ಅವನ ಫೋನ್ ಎತ್ತಲಿಲ್ಲ. ಒಂಬತ್ತನೆಯ ದಿನ ಅದು ಬರಲೇ ಇಲ್ಲ.

ಅದರ ಮರುದಿನ ಮಧ್ಯಾಹ್ನ ಕಾರ್ಖಾನೆಯ ಕೆಲಸಗಾರ್ತಿ ಅನ್ನಪೂರ್ಣಾ ಅಳುತ್ತಾ ಫೋನ್ ಮಾಡಿದಳು. ಬಿಸಿ ರಸದ ಪೈಪು ಒಡೆದಿದೆಯಂತೆ. ಬೂಟು ಹಾಕಿಕೊಂಡ ಹನ್ನೆರಡು ಮಂದಿಯಲ್ಲಿ ಒಬ್ಬಳಾದ ಸುಂದ್ರವ್ವನನ್ನು ಗೋಕಾಕದ ದವಾಖಾನೆಗೆ ಒಯ್ದಿದ್ದಾರಂತೆ. ಬೂಟು ಜಾರಿಯೇ ಹೀಗಾಯಿತೆಂದು ಪೈಪು ನೋಡಿಕೊಳ್ಳುವ ಗುತ್ತಿಗೆದಾರ ಎಲ್ಲರ ಮುಂದೆ ಕೂಗಾಡಿದನಂತೆ. ಮಾಲಿಂಗ ಸಾಹೇಬರು ಹನ್ನೆರಡೂ ಜೋಡಿ ಬಿಚ್ಚಿಸಿ ಕಪಾಟಿನಲ್ಲಿಟ್ಟು ಕೀಲಿ ಹಾಕಿದರಂತೆ.

"ಸಾಹೇಬರಿಗೂ..." ಎನ್ನುವಷ್ಟರಲ್ಲಿ ಫೋನ್ ಕಟ್ಟಾಯಿತು.

ತಿರುಗಿ ಫೋನ್ ಹಚ್ಚಿದರೆ ಹತ್ತಲಿಲ್ಲ. ಮಾಲಿಂಗನ ಫೋನು ಬಂದ್ ಆಗಿತ್ತು.

ಗೋಕಾಕದ ಬಸ್ಸಿನಲ್ಲಿ ಅವಳು ಕಿಟಕಿಯ ಸರಳು ಬಿಗಿಹಿಡಿದು ಕುಳಿತಳು. ಅಟ್ಟೆಯ ಹಿಡಿತ ಕಡಿಮೆಯಾಯಿತೇ? ನಾನೇ ಒಬ್ಬ ಹೆಂಗಸಿನ ಕಾಲು ಕಳೆದೆನೇ? ಅವ್ವನಿಗೆ ಯಾವ ಮುಖ ತೋರಿಸಲಿ? ಬೂಟು ಬಿಚ್ಚಿಸಿದ್ದಾನೆಂದರೆ ಅವನೂ ನನ್ನದೇ ತಪ್ಪು ಅಂದುಕೊಂಡನೇ? ಅಂದುಕೊಳ್ಳಲಿ... ಆದರೆ 'ಸಾಹೇಬರಿಗೂ' ಅಂದಳಲ್ಲ, ಅವನಿಗೂ ಏನಾಯಿತು?

ದವಾಖಾನೆಯ ಬಾಗಿಲಲ್ಲಿ ನರ್ಸನ್ನು ಕೇಳಿ ಒಳಗೆ ನಡೆದಳು. ಸುಂದ್ರವ್ವನ ಮಂಚದ ಹತ್ತಿರ ಹೋಗಿ, ಕಣ್ಣುಮುಚ್ಚಿ ಹೊದಿಕೆ ಸರಿಸಿದಳು. ಕಣ್ಣು ತೆರೆದಾಗ ಕಂಡದ್ದು ಎರಡು ಪಾದ. ಮಂಡಿಯ ಹತ್ತಿರ ಅಂಗೈಯಗಲ ಪಟ್ಟಿ, ಅಷ್ಟೇ.

"ಬೂಟು ಇರಲಿಲ್ಲಂದ್ರ ಪಾದ ಉಳೀತಿರಲಿಲ್ಲ ತಂಗಿ," ಎಂದಳು ಸುಂದ್ರವ್ವ. ತಾನು ಜಾರಲೇ ಇಲ್ಲವೆಂದೂ, ಪೈಪು ಸೋರುತ್ತಿದೆಯೆಂದು ಸಾಹೇಬರು ಮೊದಲೇ ಬರೆದುಕೊಟ್ಟಿದ್ದರೆಂದೂ ಹೇಳಿದಳು. ಗುತ್ತಿಗೆದಾರ ಬೂಟು ಬದಲಿಸಿ ಸುಳ್ಳು ಸಾಕ್ಷಿ ಹುಟ್ಟಿಸಬಾರದೆಂದೇ ಸಾಹೇಬರು ದವಾಖಾನೆಗೆ ಬರುವ ಮೊದಲು ಅವನ್ನು ಕೀಲಿ ಹಾಕಿಟ್ಟದ್ದಂತೆ. "ನನ್ನ ಎಳದು ಆ ಕಡೆ ನೂಕಿದವರೂ ಅವರ. ಬಾಜೂ ಖೋಲಿಯೊಳಗ ಅದಾರ, ನೋಡು ಹೋಗು."

ಪಕ್ಕದ ಕೋಣೆಯಲ್ಲಿ ಮಾಲಿಂಗನ ಬಲಗೈಗೆ ಮೊಣಕೈಯವರೆಗೆ ಪಟ್ಟಿ ಸುತ್ತಿದ್ದರು. ಅವಳನ್ನು ಕಂಡು ಏಳಲು ಹೋದ. ಅವಳು ಬೇಡವೆಂದು ಅವನ ಭುಜ ಹಿಡಿದಳು.

"ಫೋನು ರಸದಾಗ ಬಿತ್ತರಿ," ಎಂದ ಅವನು, ತಪ್ಪು ಮಾಡಿದವನ ಹಾಗೆ. "ಇಲ್ಲಂದ್ರ ನಾನ ಹೇಳತಿದ್ದೆ."

ಆಗ ಅವಳು ಎಲ್ಲವನ್ನೂ ಹೇಳಿದಳು. ಅವ್ವನ ಕಾಲು, ಮೆಟ್ಟಿಲ ಮೇಲೆ ತಾನು ನಿಂತುಹೋದದ್ದು, ಎಂಟು ದಿನ ಫೋನ್ ಎತ್ತದೆ ಅತ್ತದ್ದು.

"ನೀವಂದ್ರ ನನಗ ಜೀವರಿ," ಎಂದಳು ಕೊನೆಗೆ. "ಅದಕ್ಕ ಅಂಜಿಕಿ. ನಾಳೆ ಮತ್ತ ಅಲ್ಲೇ ಹೋಗತೀರಲ್ಲ..."

"ಹೋಗತೇನಿ. ಅಲ್ಲಿ ನಲವತ್ತು ಮಂದಿ ಹೆಣ್ಣಮಕ್ಕಳು ದುಡೀತಾರ." ಪಟ್ಟಿ ಸುತ್ತಿದ ಕೈ ನೋಡುತ್ತಾ ಅಂದ, "ಅಂಜಿಕಿ ನನಗೂ ಐತ್ರಿ. ದಿನಾ ಒಳಗ ಹೋಗೂಮುಂದ ಅಂಜತೇನಿ. ಯಾರಿಗೂ ಹೇಳಿಲ್ಲ."

ಇಷ್ಟು ದಿನ ತಾನೊಬ್ಬಳೇ ಅಂಜುತ್ತಿದ್ದೇನೆ ಅಂದುಕೊಂಡಿದ್ದಳು. ಅವಳಿಗೆ ಅಳು ಬಂತು, ಆದರೆ ಎದೆ ಹಗುರಾಯಿತು.

ಆಯಾ ತಂದಿಟ್ಟ ಚಹಾ ಅವನ ಎಡಗೈಯಲ್ಲಿ ತುಳುಕಿತು. ಅವಳು ಕಪ್ಪು ತೆಗೆದುಕೊಂಡು, ಊದಿ ಆರಿಸಿ, ಅವನ ತುಟಿಗೆ ಹಿಡಿದಳು.

"ನಮ್ಮವ್ವ ಸೋಮವಾರ ನಿಮ್ಮ ಮನಿಗೆ ಬರಲೇನ್ರಿ?"

"ಸೋಮವಾರ ಯಾಕ? ನಾಳೆನ ಬರಲಿ. ಈಗ ಚಾ ಕುಡೀರಿ."